ಹಳೇ ಶೂವಿನ ಸ್ಕ್ಯಾನ್‌ಗೆ ಎಐ ಕೈಲಿ ಬಣ್ಣ ತುಂಬಿಸಿದ್ದು

ಸವೆದ ಒಂದು ಚರ್ಮದ ಶೂ ಸುತ್ತ 140 ಫೋಟೋ ತೆಗೆದು ತ್ರೀಡಿ ಮಾಡೆಲ್ ಮಾಡಿದ್ದೆ. ಆಕಾರ ಚೆನ್ನಾಗಿಯೇ ಬಂತು. ಬಣ್ಣ ಕೈಕೊಟ್ಟಿತು. ಅಟ್ಟೆಯ ಹತ್ತಿರ ಮಸುಕು, ಕ್ಯಾಮೆರಾಗೆ ಕಾಣದ ಒಳಭಾಗವೆಲ್ಲ ಬೂದು ತೇಪೆ.

ಮೊದಲ ಸಲ ಅವಸರ ಮಾಡಿದೆ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಎಂಟು ದಿಕ್ಕಿನಿಂದ ಡೆಪ್ತ್ ಚಿತ್ರ (ಯಾವ ಭಾಗ ಹತ್ತಿರ, ಯಾವುದು ದೂರ ಅಂತ ತೋರಿಸುವ ಚಿತ್ರ) ತೆಗೆದು, ಆಕಾರಕ್ಕೆ ತಕ್ಕಂತೆ ಬರೆಸುವ ಕಂಟ್ರೋಲ್‌ನೆಟ್ ಮೂಲಕ ಚಿತ್ರ ಬರೆಯುವ ಎಐ ಆದ ಸ್ಟೇಬಲ್ ಡಿಫ್ಯೂಷನ್‌ಗೆ ಕೊಟ್ಟು, ಇಡೀ ಶೂಗೆ ಹೊಸದಾಗಿ ಬಣ್ಣ ಬರೆಸಿದೆ. ಬಿಡಿಬಿಡಿಯಾಗಿ ನೋಡಿದರೆ ಎಂಟೂ ಚಿತ್ರ ಸೊಗಸು. ಮಾಡೆಲ್ ಮೇಲೆ ಹಚ್ಚಿದಾಗ ನಗು ಬಂತು. ಎಡಗಡೆ ಐದು ಲೇಸ್ ತೂತು, ಬಲಗಡೆ ಏಳು! ಒಂದು ದಿಕ್ಕಿನಲ್ಲಿ ಬರೆದದ್ದು ಇನ್ನೊಂದು ದಿಕ್ಕಿನ ಚಿತ್ರಕ್ಕೆ ಗೊತ್ತೇ ಇರುವುದಿಲ್ಲ, ಅಲ್ವಾ?

ಎರಡನೇ ಸಲ ಒಂದೊಂದೇ ದಿಕ್ಕು ಹಿಡಿದೆ. ಫೋಟೋದಿಂದಲೋ ಹಿಂದಿನ ದಿಕ್ಕಿನಿಂದಲೋ ಆಗಲೇ ಬಣ್ಣ ಬಂದಿರುವ ಜಾಗವನ್ನು ಹಾಗೇ ಬಿಟ್ಟು, ಖಾಲಿ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ (ಇಲ್ಲಿ ಮಾತ್ರ ಬರೆ ಅಂತ ಗುರುತು ಮಾಡಿ) ತುಂಬಿಸಿದೆ. ಕ್ಯಾಮೆರಾಗೆ ತೀರಾ ಓರೆಯಾಗಿ ಕಾಣುವ ಭಾಗದಲ್ಲಿ ಬಣ್ಣ ಎಳೆದಂತೆ ಬರುತ್ತದೆ. ಅದನ್ನು ಮುಂದಿನ ದಿಕ್ಕಿಗೆ ಬಿಟ್ಟೆ. ಎರಡು ದಿಕ್ಕಿನ ಬಣ್ಣ ಕೂಡುವ ಕಡೆಯ ಗೆರೆಗಳು ಬಹುಪಾಲು ಹೋದವು.

ಜಾಸ್ತಿ ಕಾಡಿದ್ದು ಬೆಳಕು. ಫೋಟೋ ತೆಗೆದಾಗ ಶೂ ಮೂತಿಯ ಮೇಲೆ ಕಿಟಕಿಯ ಹೊಳಪು ಬಿದ್ದಿತ್ತು. ಅದು ಬಣ್ಣದ ಜೊತೆಗೇ ಅಂಟಿಕೊಂಡಿತ್ತು. ಮಾಡೆಲ್ ತಿರುಗಿಸಿದರೂ ಬಿಳಿ ಮಚ್ಚೆ ಅಲ್ಲೇ. ಸಾಲದ್ದಕ್ಕೆ ಎಐ ಅದನ್ನು ಸುಣ್ಣದ ಕಲೆ ಅಂದುಕೊಂಡು ಪಕ್ಕಕ್ಕೂ ಹರಡಿತು. ಕೊನೆಗೆ ಹೊಳಪಿನ ಜಾಗವನ್ನೂ ಮಾಸ್ಕ್‌ಗೆ ಸೇರಿಸಿ ಮತ್ತೆ ಬರೆಸಿದೆ. ಈಗ ಸ್ಕ್ಯಾನ್ ಮಾಡುವುದಿದ್ದರೆ ಮೋಡ ಕವಿದ ದಿನಕ್ಕೇ ಕಾಯುತ್ತೇನೆ.

ಇನ್ನು ರಫ್‌ನೆಸ್ ಮ್ಯಾಪ್, ಅಂದರೆ ಎಲ್ಲಿ ನುಣುಪು, ಎಲ್ಲಿ ಒರಟು ಅಂತ ಹೇಳುವ ಚಿತ್ರ. ಬಣ್ಣದ ಚಿತ್ರವನ್ನೇ ಕಪ್ಪು ಬಿಳುಪು ಮಾಡಿ ಹಾಕಿದ್ದೆ. ಅದರಲ್ಲಿ ಕಪ್ಪು (0) ಅಂದರೆ ನುಣುಪು, ಬಿಳಿ (1) ಅಂದರೆ ಒರಟು ಅಂತ ಲೆಕ್ಕ. ಹಾಗಾಗಿ ಧೂಳು ತುಂಬಿದ ಬಿರುಕುಗಳೇ ಮಿರಮಿರ ಮಿಂಚಿದವು. ಅದನ್ನು ಬಿಟ್ಟು ಕೈಯಲ್ಲೇ ಬಳಿದೆ: ಉಜ್ಜಿ ಸವೆದ ಮೂತಿಗೆ 0.35, ಮಡಿಕೆಗಳಿಗೆ 0.7. ಆದರೂ ಶೂ ಮಳೆಯಲ್ಲಿ ನೆನೆದ ಹಾಗೆ ಕಾಣುತ್ತಿತ್ತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಆ ಚಿತ್ರದ ಕಲರ್ ಸ್ಪೇಸ್ (ಚಿತ್ರದ ಅಂಕಿಗಳನ್ನು ಓದುವ ರೀತಿ) ಬಣ್ಣದ ಚಿತ್ರಕ್ಕೆ ಬಳಸುವ ಎಸ್‌ಆರ್‌ಜಿಬಿಯಲ್ಲೇ ಇತ್ತು. ಅಂಕಿಗಳನ್ನು ಹಾಗೇ ಓದುವ ನಾನ್-ಕಲರ್‌ಗೆ ಬದಲಿಸಿದ ತಕ್ಷಣ ಒಣಗಿತು.

ಮೂತಿಯ ಹತ್ತಿರದ ಎರಡು ಲೇಸ್ ತೂತು ಹೊಳಪಿನ ಮಾಸ್ಕ್ ಒಳಗೆ ಸಿಕ್ಕಿಕೊಂಡು, ಸೇರಿ ಒಂದಾಗಿದ್ದವು. ಅವನ್ನು ಸುಮ್ನೆ ಪಕ್ಕದ ತೂತಿನಿಂದ ನಕಲು (ಕ್ಲೋನ್) ಮಾಡಿದೆ. ಈಗ ಎರಡೂ ಕಡೆ ಆರಾರು.