ಅಜ್ಜಿ ಕಾಲದ ಮಹಿಳಾ ಸಮಾಜದ ಗ್ರೂಪ್ ಫೋಟೋ ಓದೋದು ಹೇಗೆ

ನಮ್ಮ ಮೈಸೂರು ಕಡೆ ಹಳೇ ಟ್ರಂಕು ತೆಗೆದ್ರೆ ಮಹಿಳಾ ಸಮಾಜದ ಗ್ರೂಪ್ ಫೋಟೋ ಒಂದಾದ್ರೂ ಸಿಗತ್ತೆ. ಸಿಕ್ಕ ತಕ್ಷಣ ಮುಖ ಹುಡುಕೋಕೆ ಹೋಗ್ಬೇಡಿ, ಮೊದಲು ತಿರುಗಿಸಿ ಹಿಂದೆ ನೋಡಿ. ಸ್ಟುಡಿಯೋ ಸೀಲಿನ ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ ಅದು 1972ರ ಆಗಸ್ಟ್ ಆದ್ಮೇಲಿಂದು. ಆದ್ರೆ ಸೀಲು ಹೇಳೋದು ಪ್ರಿಂಟ್ ಹಾಕಿಸಿದ ಕಾಲ ಅಷ್ಟೇ, ಫೋಟೋ ತೆಗೆದಿದ್ದು ಅದಕ್ಕಿಂತ ಎಷ್ಟೋ ಹಿಂದೆ ಇರಬಹುದು.

ಆಮೇಲೆ ಗೋಡೆ. ಜಯಚಾಮರಾಜ ಒಡೆಯರು ಮಹಾರಾಜರ ವೇಷದಲ್ಲಿರೋ ಪಟ ಇದ್ರೆ 1940ಕ್ಕಿಂತ ಹಿಂದಿನ ಫೋಟೋ ಅಲ್ಲ, ಯಾಕಂದ್ರೆ ಅವರಿಗಿಂತ ಮುಂಚೆ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದೇ ಆ ವರ್ಷ. ನಾಲ್ವಡಿಯವರ ಪಟ ಮಾತ್ರ ನಂಬೋ ಹಾಗಿಲ್ಲ, ಜನ ಅದನ್ನ ಪ್ರೀತಿಯಿಂದ ಇವತ್ತಿಗೂ ಇಳಿಸಿಲ್ಲ.

ಸೆರಗು ಎಲ್ರದ್ದೂ ಬಲ ಹೆಗಲ ಮೇಲಿದ್ರೆ ನೆಗೆಟಿವ್ ಉಲ್ಟಾ ಆಗಿ ಪ್ರಿಂಟ್ ಆಗಿರಬಹುದು, ಬೋರ್ಡಿನ ಅಕ್ಷರ ನೋಡಿ ಖಾತ್ರಿ ಮಾಡ್ಕೊಳ್ಳಿ. ಒಬ್ರದ್ದೇ ಆದ್ರೆ, ನೆರಿಗೆನೂ ಹಿಂದಕ್ಕಿದ್ರೆ, ಅವರು ಕೊಡಗಿನವರಿರಬಹುದು.

ಕೂತಿರೋ ಸಾಲು ನಿಧಾನಕ್ಕೆ ನೋಡಿ. ನಡುವಿನ ಕುರ್ಚಿ ಸಾಮಾನ್ಯವಾಗಿ ಅಧ್ಯಕ್ಷರದ್ದೋ ಅತಿಥಿಗಳದ್ದೋ, ಜಮಖಾನದ ಮೇಲೆ ಹುಡುಗೀರು, ಹಿಂದೆ ನಿಂತೋರು ಉಳಿದ ಸದಸ್ಯರು. ಮುಂದೆ ವೀಣೆ, ಹೊಲಿಗೆ ಮಿಷನ್ನು, ಬಹುಮಾನದ ಕಪ್ಪು, ಏನಿಟ್ಟಿದಾರೆ ಅನ್ನೋದ್ರಲ್ಲಿ ಆ ಸಮಾಜದವರು ತಮ್ಮ ಯಾವ ಕೆಲಸದ ಬಗ್ಗೆ ಹೆಮ್ಮೆಪಡ್ತಿದ್ರು ಅಂತ ಗೊತ್ತಾಗತ್ತೆ, ನನಗಂತೂ ಇಡೀ ಫೋಟೋದಲ್ಲಿ ತುಂಬಾ ಇಷ್ಟ ಆಗೋ ಜಾಗ ಅದೇ.

ಹೆಸರು ಹಿಡಿಯೋದೇ ಕಷ್ಟ, ಕೆಳಗೆ ಬರೆದಿದ್ರೂ "ಶ್ರೀಮತಿ" ಅಂತ ಗಂಡನ ಹೆಸರೇ ಇರತ್ತೆ, ಅವರ ಸ್ವಂತ ಹೆಸರು ಹೇಳೋಕೆ ಆ ಬೀದಿಯ ಹಿರಿಯರೇ ಬೇಕು, ಅದಕ್ಕೇ ಅವರಿದ್ದಾಗಲೇ ಹೋಗಿ ಕೇಳಿ, ಮುಂದಿನ ಹಬ್ಬಕ್ಕೆ ಅಂತ ಮುಂದೂಡಬೇಡಿ. ಮೊದಲು ಫೋಟೋನ ಆರುನೂರು ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋ ಅಳತೆ ಅದು) ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕ್ಸಿ, ಪ್ರತಿ ಮುಖಕ್ಕೂ ನಂಬರ್ ಕೊಟ್ಟು ತಗೊಂಡೋಗಿ. ಒರಿಜಿನಲ್ ಮೇಲೆ ಪೆನ್ನು ಮುಟ್ಟಿಸಬೇಡಿ, ಸೆಲೋಟೇಪೂ ಬೇಡ. "ಇವರ್ಯಾರು" ಅಂತ ಒಂದೇ ಸಮ ಕೇಳೋ ಬದ್ಲು "ಅವತ್ತು ತಿಂಡಿ ಏನಿತ್ತು" ಅಂತ ಕೇಳಿ, ಹೆಸರು ತಾನಾಗೇ ಬರತ್ತೆ, ಫೋನಲ್ಲಿ ರೆಕಾರ್ಡ್ ಹಾಕಿಟ್ಟಿರಿ.

ಅಂಚನ್ನೂ ಬಿಡಬೇಡಿ. ನಮ್ಮಜ್ಜಿ ಫೋಟೋದ ಎಡತುದೀಲಿ ಸೆರಗು ಹಿಡ್ಕೊಂಡಿರೋ ಒಂದು ಪುಟ್ಟ ಕೈ ಮಾತ್ರ ಇದೆ, ಮುಖ ಇಲ್ಲ. ದೊಡ್ಡಮ್ಮ ಕನ್ನಡಕ ಹಾಕ್ಕೊಂಡು ಬಳೆ ನೋಡಿ, "ಅಯ್ಯೋ, ಇದು ನನ್ ಕೈ ಕಣೋ" ಅಂದ್ರು.