ಕಾಳಿ ಒಂದಕ್ಕೆ ಚೆಲ್ಲೋ ಕೂಡಿಸಿದ್ದು

ಬೆಳಗಾವಿಯಲ್ಲಿ ಚೆಲ್ಲೋ, ಅಂದರೆ ಕುರ್ಚಿ ಮೇಲೆ ಕೂತು ನುಡಿಸುವ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ನುಡಿಸಿ ಹೊಟ್ಟೆ ಹೊರೆಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಈಗ ತಿಂಗಳಿಗೆ ಐದಾರು ಕಾರ್ಯಕ್ರಮ ಇವೆ, ಅದೂ ಹಿಂದೂಸ್ತಾನಿ ಗಾಯಕರ ಪಕ್ಕದಲ್ಲಿ.

ಕಲಿತದ್ದು ಗೋವಾದಲ್ಲಿ, ವಾರಕ್ಕೊಮ್ಮೆ ಚೋರ್ಲಾ ಘಾಟ್ ಇಳಿದು. ಆಮೇಲೆ ನಾಲ್ಕು ವರ್ಷ ಬರೀ ಮದುವೆ ರಿಸೆಪ್ಷನ್. ರಾತ್ರಿಗೆ 3,000 ಮತ್ತು ಊಟ. ಒಳ್ಳೆ ತಂತಿ ಸೆಟ್ಟಿಗೆ 14,000ದ ಹತ್ತಿರ. ಲೆಕ್ಕ ನೀವೇ ಹಾಕಿ.

ಗಾಯಕರ ಜೊತೆ ಮೊದಲ ಸಲ ಕುರ್ಚಿ ಹಾಕಿಕೊಂಡು ಕೂತೆ. ಅವರೆಲ್ಲ ಗಾದಿ ಮೇಲೆ, ನಾನೊಬ್ಬ ಎತ್ತರದಲ್ಲಿ. ತಬಲಾದವರು, "ಇದೇನ್ರಿ ಸರ, ಪಿಟೀಲಿನ ಮುತ್ಯಾ?" ಅಂದರು. ಅದು ಹೋಗಲಿ, ದೊಡ್ಡ ತಾಪತ್ರಯ ಶ್ರುತಿಯದು. ಗಾಯಕರ ಸಾ ಕಾಳಿ ಒಂದು, ಅಂದರೆ ಹಾರ್ಮೋನಿಯಂನ ಮೊದಲನೇ ಕರಿ ಪಟ್ಟಿ, ಸಿ ಶಾರ್ಪ್. ನಮ್ಮ ಸಿ, ಜಿ, ಡಿ, ಎ ಖಾಲಿ ತಂತಿ ಎಳೆದರೆ ಅಲ್ಲಿ ನಿಷಾದ, ತೀವ್ರ ಮಧ್ಯಮ, ಕೋಮಲ ರಿಷಭ, ಕೋಮಲ ಧೈವತ. ಬೇಕಾದ ಸಾ, ಪಾ ಒಂದೂ ಇಲ್ಲ. ಆ ನಾಲ್ಕೂ ಸ್ವರ ಇರುವ ಪೂರಿಯಾ ಧನಾಶ್ರೀ ರಾಗ ಹಾಡಿದ ದಿನ ಬದುಕಿದೆ. ಉಳಿದ ದಿನ ಸತ್ತೆ.

ದಾರಿ ಕಣ್ಣೆದುರೇ ಇತ್ತು. ದಪ್ಪ ತಂತಿ ಎರಡನ್ನೂ ಒಂದೊಂದು ಪಟ್ಟಿ (ಅರ್ಧ ಸ್ವರ) ಏರಿಸಿ, ಸಣ್ಣವೆರಡನ್ನೂ ಒಂದೊಂದು ಪಟ್ಟಿ ಇಳಿಸಿದರೆ ಸಾ ಪಾ ಸಾ ಪಾ! ಖುಷಿಯಲ್ಲಿ ನಾಲ್ಕೂ ಬಿರಡೆ ಒಟ್ಟಿಗೆ ಸಡಿಲ ಮಾಡಿಬಿಟ್ಟೆ. ಒಳಗೆ ಟಕ್ ಅಂತು. ಚೆಲ್ಲೋ ಅಲ್ಲಾಡಿಸಿದರೆ ಸೌಂಡ್ ಪೋಸ್ಟ್, ಅಂದರೆ ತಂತಿಗಳ ಒತ್ತಡದಿಂದಲೇ ಒಳಗೆ ನಿಲ್ಲುವ ಮರದ ಕಡ್ಡಿ, ಹೊಟ್ಟೆಯಲ್ಲಿ ಉರುಳಾಡುತ್ತಿತ್ತು. ಮತ್ತೆ ಗೋವಾ, 1,800 ರೂಪಾಯಿ, ಒಂದು ವಾರ. ಈಗ ಒಂದೊಂದೇ ತಂತಿ ಮುಟ್ಟುತ್ತೇನೆ, ಪ್ರತಿ ಸಲ ತಂತಿ ಹೊರುವ ಕುದುರೆ ವಾಲಿದೆಯಾ ಅಂತ ಪಕ್ಕದಿಂದ ನೋಡುತ್ತೇನೆ.

ವಾದ್ಯ ಕೆಡಿಸುತ್ತಿದ್ದೀಯಾ ಅಂತ ನನ್ನ ಮೇಷ್ಟ್ರು ಫೋನಿನಲ್ಲೇ ಬೈದರು. ಜರ್ಮನಿಯ ಸಂಗೀತಕಾರ ಬಾಖ್ ತನ್ನ 5ನೇ ಚೆಲ್ಲೋ ಸೂಟ್ ಅನ್ನೋ ಕೃತಿಯಲ್ಲಿ ಎ ತಂತಿಯನ್ನು ಜಿಗೆ ಇಳಿಸಿಲ್ವಾ ಅಂದೆ. ಸುಮ್ಮನಾದರು.

ನೆಲದ ಮೇಲೆ ಕೂರೋಕೆ ಚೆಲ್ಲೋ ವಾದಕಿ ಸಾಸ್ಕಿಯಾ ರಾವ್ ಅವರು ತರಫ್ ತಂತಿ (ಮುಟ್ಟದೆಯೇ ತಾನಾಗಿ ಮಿಡಿಯುವ ತಂತಿ) ಇರುವ ಚಿಕ್ಕ ಚೆಲ್ಲೋನೇ ಮಾಡಿಸಿಕೊಂಡಿದ್ದಾರೆ. ನನ್ನ ಹತ್ತಿರ ಅಷ್ಟು ದುಡ್ಡೆಲ್ಲಿ? ಮುಕ್ಕಾಲು ಸೈಜಿನ ಹಳೇದೊಂದು 28,000ಕ್ಕೆ ಸಿಕ್ಕಿತು. ನೆಲಕ್ಕೆ ಊರುವ ಕೆಳಗಿನ ಕಡ್ಡಿ ಒಳಗೆ ತಳ್ಳಿ ಮಣೆ ಮೇಲೆ ಇಟ್ಟೆ. ಗಾದಿ ಮೇಲಿಟ್ಟರೆ ನಾದ ಸತ್ತುಹೋಗುತ್ತೆ. ಹಾಗೇ ಸುಮ್ನೆ ತಗಡಿನ ಡಬ್ಬಿ ಮೇಲೂ ಇಟ್ಟು ನೋಡಿದೆ. ಗುಂಯ್ ಅಂತು, ಮನೆಯವರು ಎದ್ದು ಬಂದರು. ಕೊನೆಗೆ ಸಾಗವಾನಿ ಮಣೆಯೇ ಗೆದ್ದಿತು.

ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋದಾಗ ಮರ ಒಣಗಿ ಚೆಲ್ಲೋದ ಸೊಂಟದ ಹತ್ತಿರ ಅಂಟು ಬಿಟ್ಟಿತು. ಈಗ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಬಟ್ಟೆ ತುಂಬಿ ಕೇಸಿನೊಳಗೆ ಇಡುತ್ತೇನೆ. ನಮ್ಮೂರ ಮಳೆಗಾಲದಲ್ಲಿ ಇದರ ಉಲ್ಟಾ, ಬಿರಡೆ ಉಬ್ಬಿ ತಿರುಗೋದೇ ಇಲ್ಲ.

ಕಾಳಿ ಐದರಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಹೇಗೆ ಕೂಡಿಸುತ್ತೇನೆ ಅಂತ ಕೇಳಬೇಡಿ. ಅದಕ್ಕೆ ಎರಡು ವರ್ಷ ಹೋಗಿದೆ.

ಈಗ ಕಾರ್ಯಕ್ರಮಕ್ಕೆ 6,000ಕ್ಕಿಂತ ಕಡಿಮೆ ಒಪ್ಪಲ್ಲ. ಬಾಗಲಕೋಟೆ ಕಡೆ ಕರೆದರೆ ಬಸ್ಸಿನಲ್ಲಿ ಚೆಲ್ಲೋಗೂ ಒಂದು ಸೀಟಿನ ದುಡ್ಡು ಕೇಳುತ್ತೇನೆ. ಕೊಡುತ್ತಾರೆ.