ಕೆಳಗಿನ ಲೀಗಿನ ಊರು ಮೇಲಿನ ಲೀಗಿನ ತಂಡವನ್ನು ಸಾಕೀತೇ? ಲೆಕ್ಕ ಹಾಕುವ ಕ್ರಮ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಸೇರಿದಲ್ಲೆಲ್ಲ, ಅದರಲ್ಲೂ ಐಪಿಎಲ್ ನಡೆಯುವ ತಿಂಗಳುಗಳಲ್ಲಿ, ಒಂದು ಪ್ರಶ್ನೆ ಏಳುತ್ತದೆ: ಬೆಂಗಳೂರಿಗೂ ಮುಂಬಯಿಗೂ ತಂಡವಿದೆ, ಇಷ್ಟು ದೊಡ್ಡ ಪುಣೆಗೆ ಏಕಿಲ್ಲ? ಉತ್ತರ ಹೇಳುವವರು ಊರಿನ ಅಭಿಮಾನವನ್ನೋ ಜನಸಂಖ್ಯೆಯನ್ನೋ ಮುಂದಿಡುತ್ತಾರೆ. ಇವೆರಡರಿಂದಲೂ ತೀರ್ಮಾನ ಸಿಗುವುದಿಲ್ಲ. ಉತ್ತರ ಅಮೆರಿಕದ ಐಸ್ ಹಾಕಿಯ ಊರುಗಳು ಈ ಪ್ರಶ್ನೆಯನ್ನು ದಶಕಗಳಿಂದ ಕೇಳಿಕೊಳ್ಳುತ್ತ ಬಂದಿವೆ. ಅಲ್ಲಿ 32 ತಂಡಗಳ ಎನ್‌ಎಚ್‌ಎಲ್ ಮೇಲಿನ ಲೀಗು. ಎಎಚ್‌ಎಲ್, ಇಸಿಎಚ್‌ಎಲ್ ಕೆಳಗಿನವು. ತಂಡ ಪಡೆದ ಊರು, ಕಳೆದುಕೊಂಡ ಊರು, ಕಾದು ಕುಳಿತ ಊರು ಎಲ್ಲದರ ದಾಖಲೆಯೂ ಕಣ್ಣೆದುರಿಗಿರುವುದರಿಂದ, ಕ್ರಮವನ್ನು ಅಲ್ಲಿ ಕಲಿತು ಆಮೇಲೆ ಪುಣೆಗೆ ಅನ್ವಯಿಸುವುದು ಲೇಸು.

ಮೊದಲಿಗೆ, ಕೆಳಗಿನ ಲೀಗಿನ ಪಂದ್ಯಗಳಿಗೆ ಸೇರುವ ಜನರನ್ನು ಸಾಕ್ಷಿಯಾಗಿ ಹಿಡಿಯುವುದನ್ನು ಬಿಡಬೇಕು. ಪೆನ್ಸಿಲ್ವೇನಿಯಾದ ಹರ್ಷಿ ಚಾಕೊಲೇಟಿಗೆ ಹೆಸರಾದ ಪುಟ್ಟ ಊರು. ಅಲ್ಲಿನ ಹರ್ಷಿ ಬೇರ್ಸ್ ತಂಡ 1938ರಿಂದ ಎಎಚ್‌ಎಲ್‌ನಲ್ಲಿ ಆಡುತ್ತಿದ್ದು, ಪ್ರೇಕ್ಷಕರ ಸಂಖ್ಯೆಯಲ್ಲಿ ಆ ಲೀಗಿನ ಮುಂಚೂಣಿಯ ತಂಡಗಳಲ್ಲಿ ಒಂದಾಗಿದೆ. ಹಾಗೆಂದು ಆ ಊರು ಎನ್‌ಎಚ್‌ಎಲ್ ತಂಡವನ್ನು ಸಾಕಲಾರದು. ಎಎಚ್‌ಎಲ್ ತಂಡಗಳು ಮೇಲಿನ ತಂಡಗಳಿಗೆ ಆಟಗಾರರನ್ನು ಪಳಗಿಸಿಕೊಡುವ ತಂಡಗಳು. ಆ ಆಟಗಾರರಲ್ಲಿ ಹೆಚ್ಚಿನವರ ಸಂಬಳವನ್ನು ಮೇಲಿನ ತಂಡವೇ ಭರಿಸುತ್ತದೆ. ಅಂದರೆ ಹರ್ಷಿಯ ಪ್ರೇಕ್ಷಕನು ಆಟದ ನಿಜವಾದ ವೆಚ್ಚದ ಒಂದು ಅಂಶವನ್ನಷ್ಟೇ ತೆರುತ್ತಿದ್ದಾನೆ. 1997ರಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ನಾಪೋಕ್ಲುವಿಗೆ 360 ಮನೆತನಗಳ ತಂಡಗಳು ಬಂದವು. ಹಾಕಿಯ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ, ಆದರೆ ಆ ಪ್ರೀತಿಯೊಂದರಿಂದಲೇ ಮಡಿಕೇರಿಯಲ್ಲಿ ಫ್ರಾಂಚೈಸಿ ತಂಡದ ಸಂಬಳ ಹುಟ್ಟುವುದಿಲ್ಲ.

ಮುಂದಿನದು ಟಿಕೆಟ್ಟಿನ ಲೆಕ್ಕ. ಹೆಚ್ಚಿನ ವಾದಗಳು ಮುರಿದುಬೀಳುವುದು ಇಲ್ಲಿಯೇ. ತವರಿನ ಪಂದ್ಯಗಳ ಸಂಖ್ಯೆಯನ್ನು ಆಸನಗಳ ಸಂಖ್ಯೆಯಿಂದ ಗುಣಿಸಿ, ಬಂದ ಉತ್ತರವನ್ನು ಊರಿನ ಜನಸಂಖ್ಯೆಯ ಪಕ್ಕದಲ್ಲಿ ಬರೆದುಕೊಳ್ಳಿ. 2025-26ರ ಎನ್‌ಎಚ್‌ಎಲ್ ಋತುವಿನಲ್ಲಿ ಪ್ರತಿ ತಂಡಕ್ಕೂ ತವರಿನಲ್ಲಿ 41 ಪಂದ್ಯಗಳು. ಕೆನಡಾದ ವಿನ್ನಿಪೆಗ್‌ನ ಅಂಗಣದಲ್ಲಿ ಸುಮಾರು 15,000 ಆಸನಗಳಿವೆ. ಹಾಗಾದರೆ ಸುತ್ತಮುತ್ತಲನ್ನು ಸೇರಿಸಿ ಎಂಟು ಲಕ್ಷ ಚಿಲ್ಲರೆ ಜನರಿರುವ ಊರಿನಲ್ಲಿ ಒಂದು ಋತುವಿಗೆ 6,15,000 ಟಿಕೆಟ್ಟುಗಳು ಖರ್ಚಾಗಬೇಕು. ಅದೇ ಋತುವಿನಲ್ಲಿ ಆಟಗಾರರ ಸಂಬಳಕ್ಕೆ ಲೀಗು ವಿಧಿಸಿದ ಕನಿಷ್ಠ ಮೊತ್ತ 7.06 ಕೋಟಿ ಡಾಲರ್, ಗರಿಷ್ಠ 9.55 ಕೋಟಿ ಡಾಲರ್. ಕನಿಷ್ಠವನ್ನೇ ಹಿಡಿದರೂ ಒಂದೊಂದು ಟಿಕೆಟ್ಟಿನ ಮೇಲೆ ಸುಮಾರು 115 ಡಾಲರಿನಷ್ಟು ಸಂಬಳದ ಹೊರೆ ಬೀಳುತ್ತದೆ. ಪ್ರಯಾಣ, ಬಾಡಿಗೆ, ಸಿಬ್ಬಂದಿಯ ವೆಚ್ಚ ಇದರಲ್ಲಿ ಸೇರಿಲ್ಲ. ಟಿವಿ ಹಕ್ಕಿನ ಪಾಲು ಮತ್ತು ಪ್ರಾಯೋಜಕರ ಹಣ ಈ ಹೊರೆಯನ್ನು ಇಳಿಸುತ್ತವೆಯಾದರೂ, ಅಮೆರಿಕದ ದೊಡ್ಡ ಲೀಗುಗಳ ನಡುವೆ ಎನ್‌ಎಚ್‌ಎಲ್ ಗೇಟಿನ ಹಣವನ್ನು, ಅಂದರೆ ಟಿಕೆಟ್ಟಿನ ಗಳಿಕೆಯನ್ನು, ಹೆಚ್ಚು ನೆಚ್ಚಿಕೊಂಡಿರುವ ಲೀಗು. ಕೆನಡಾದ ಊರಾಗಿದ್ದರೆ ಇನ್ನೊಂದು ಸಾಲು ಸೇರಿಸಬೇಕು: ಟಿಕೆಟ್ಟಿನ ಹಣ ಬರುವುದು ಕೆನಡಾ ಡಾಲರಿನಲ್ಲಿ, ಸಂಬಳ ಹೋಗುವುದು ಅಮೆರಿಕದ ಡಾಲರಿನಲ್ಲಿ. 1995ರಲ್ಲಿ ಕ್ವಿಬೆಕ್ ನಗರದ ತಂಡ ಡೆನ್ವರಿಗೂ 1996ರಲ್ಲಿ ವಿನ್ನಿಪೆಗ್‌ನ ತಂಡ ಫೀನಿಕ್ಸಿಗೂ ಹೊರಟುಹೋದದ್ದಕ್ಕೆ ಇದೂ ಒಂದು ಕಾರಣ.

ಬೇಡಿಕೆಯನ್ನು ಅಳೆಯಲು ಸೀಸನ್ ಟಿಕೆಟ್ಟಿನ (ಋತುವಿನ ತವರಿನ ಪಂದ್ಯಗಳಿಗೆಲ್ಲ ಒಟ್ಟಿಗೆ ಕೊಳ್ಳುವ ಟಿಕೆಟ್ಟು) ಮುಂಗಡಕ್ಕಿಂತ ನಂಬಲರ್ಹವಾದ ಸಾಧನವಿಲ್ಲ. ತಂಡ ಕಳೆದುಕೊಂಡ ಮೇಲೆ ವಿನ್ನಿಪೆಗ್ 15 ವರ್ಷ ಮ್ಯಾನಿಟೋಬಾ ಮೂಸ್ ಎಂಬ ಕೆಳಗಿನ ಲೀಗಿನ ತಂಡದೊಂದಿಗೆ ಕಾದಿತ್ತು. 2011ರಲ್ಲಿ ಅಟ್ಲಾಂಟಾದ ತಂಡ ಅಲ್ಲಿಗೆ ಬರುವುದೆಂದಾದಾಗ 13,000 ಸೀಸನ್ ಟಿಕೆಟ್ಟುಗಳ ಗುರಿ ಇಡಲಾಯಿತು. ಮೂಸ್ ತಂಡದ ಟಿಕೆಟ್ಟುದಾರರಿಗೆ ಮೊದಲ ಅವಕಾಶ ಕೊಟ್ಟು, ಉಳಿದವನ್ನು ಸಾರ್ವಜನಿಕರಿಗೆ ತೆರೆದಾಗ ನಿಮಿಷಗಳಲ್ಲಿ ಮುಗಿದುಹೋದವು. ಗಮನಿಸಬೇಕಾದದ್ದು ಆ ವೇಗವನ್ನಲ್ಲ, ಕೊಂಡವರು ಹಲವು ವರ್ಷಗಳ ಕರಾರಿಗೆ ಒಪ್ಪಿದ್ದನ್ನು. ಕರಾರು ತೀರಿದ ಮೇಲೆ ಎಷ್ಟು ಮಂದಿ ಉಳಿಯುತ್ತಾರೆಂಬುದೇ ಕಠಿಣ ಪರೀಕ್ಷೆ: ಅದೇ ವಿನ್ನಿಪೆಗ್‌ನಲ್ಲಿ 2024ರ ಹೊತ್ತಿಗೆ ಸೀಸನ್ ಟಿಕೆಟ್ಟುಗಳು ಸುಮಾರು 9,500ಕ್ಕೆ ಇಳಿದು, ತಂಡದ ಭವಿಷ್ಯದ ಬಗ್ಗೆ ಮತ್ತೆ ಮಾತು ಎದ್ದಿತು. ಆದ್ದರಿಂದ ಮೊದಲ ವರ್ಷದ ಅಂಕಿಯ ಜೊತೆಗೆ ನವೀಕರಣದ ಅಂಕಿಯನ್ನೂ ಕೇಳಿ.

ಕ್ರೀಡಾಂಗಣ ಬೇಕೇಬೇಕು, ಆದರೆ ಅದನ್ನು ಕಟ್ಟಿದ ಮಾತ್ರಕ್ಕೆ ತಂಡ ಬರುವುದಿಲ್ಲ. ಕ್ವಿಬೆಕ್ 2015ರಲ್ಲಿ ಸಾರ್ವಜನಿಕ ಹಣದಿಂದ 18,000ಕ್ಕೂ ಹೆಚ್ಚು ಆಸನಗಳ ಅಂಗಣ ಕಟ್ಟಿ ಅರ್ಜಿ ಹಾಕಿತು. 2016ರಲ್ಲಿ ಲೀಗು ಅದನ್ನು ಮುಂದೂಡಿ, 50 ಕೋಟಿ ಡಾಲರ್ ಶುಲ್ಕಕ್ಕೆ ಲಾಸ್ ವೇಗಸ್‌ಗೆ ತಂಡ ಕೊಟ್ಟಿತು. ಕ್ವಿಬೆಕ್ ಜನರ ಹಾಕಿ ಪ್ರೇಮವನ್ನು ಯಾರೂ ಸಂಶಯಿಸಿರಲಿಲ್ಲ. ನೆರೆಯ ತಂಡಕ್ಕೆ ತನ್ನ ಸುತ್ತಲಿನ ಪ್ರದೇಶದ ಮೇಲಿರುವ ಹಕ್ಕನ್ನೂ ಮರೆಯಬಾರದು: ಕೆನಡಾದ ಹ್ಯಾಮಿಲ್ಟನ್ 1985ರಿಂದ ದೊಡ್ಡ ಅಂಗಣ ಇಟ್ಟುಕೊಂಡೂ ತಂಡ ಪಡೆಯದಿರುವುದರಲ್ಲಿ ಟೊರಾಂಟೊ ಮತ್ತು ಬಫಲೋ ಪಕ್ಕದಲ್ಲೇ ಇರುವುದರ ಪಾತ್ರವಿದೆ.

ಕೊನೆಗೆ ಒಡೆಯ ಯಾರೆಂದು ನೋಡಿ. ನನ್ನ ಎಣಿಕೆಯಲ್ಲಿ ಇದಕ್ಕೆ ಜನಸಂಖ್ಯೆಗಿಂತ ಹೆಚ್ಚು ತೂಕ ಕೊಡಬೇಕು. ವಿನ್ನಿಪೆಗ್‌ಗಿಂತ ಎಷ್ಟೋ ಪಟ್ಟು ದೊಡ್ಡದಾದ ಅಟ್ಲಾಂಟಾ 1980ರಲ್ಲೂ 2011ರಲ್ಲೂ ಎನ್‌ಎಚ್‌ಎಲ್ ತಂಡ ಕಳೆದುಕೊಂಡಿತು. ಎರಡನೆಯ ಬಾರಿ ಒಡೆಯರ ನಡುವಿನ ವ್ಯಾಜ್ಯ ವರ್ಷಗಟ್ಟಲೆ ಎಳೆದಿತ್ತು. ವಿನ್ನಿಪೆಗ್‌ಗೆ ಅನುಕೂಲವಾದದ್ದು, ಅಂಗಣವೂ ಕೆಳಗಿನ ತಂಡವೂ ಮೇಲಿನ ತಂಡವೂ ಒಂದೇ ಸಂಸ್ಥೆಯ ಕೈಯಲ್ಲಿದ್ದುದು ಮತ್ತು ಅದರ ಹಿಂದೆ ಕೆನಡಾದ ಅತಿ ಸಿರಿವಂತರಲ್ಲಿ ಒಬ್ಬರಾದ ಡೇವಿಡ್ ಥಾಮ್ಸನ್ ಇದ್ದುದು.

ಈಗ ಪುಣೆಗೆ ಬರೋಣ. 2011ರ ಜನಗಣತಿಯಂತೆ ಪುಣೆ ನಗರಸಮೂಹದಲ್ಲಿ ಐವತ್ತು ಲಕ್ಷ ಜನ. ಐಪಿಎಲ್‌ನಲ್ಲಿ ತವರಿನ ಪಂದ್ಯಗಳು ಏಳೇ. ಪುಣೆಯ ಹೊರಗಿನ ಗಹುಂಜೆ ಕ್ರಿಕೆಟ್ ಅಂಗಣದಲ್ಲಿ ನಲವತ್ತು ಸಾವಿರದ ಆಸುಪಾಸಿನ ಆಸನಗಳೆಂದರೆ ಸುಮಾರು 2.8 ಲಕ್ಷ ಟಿಕೆಟ್ಟು, ಅಂದರೆ ಹದಿನೆಂಟು ಮಂದಿಗೆ ಒಂದು. ವಿನ್ನಿಪೆಗ್‌ನ ಹೊರೆಯ ಮುಂದೆ ಇದು ಏನೂ ಅಲ್ಲ. ಜೊತೆಗೆ ಐಪಿಎಲ್ ತಂಡಗಳ ಆದಾಯದ ದೊಡ್ಡ ಭಾಗ ಲೀಗಿನ ಕೇಂದ್ರ ನಿಧಿಯಿಂದ ಬರುತ್ತದೆ. ಹಾಗಿದ್ದೂ ತಂಡಗಳು ನಿಲ್ಲದ ಕಾರಣ ಒಡೆತನದ ಸಾಲಿನಲ್ಲಿದೆ. 2010ರಲ್ಲಿ 37 ಕೋಟಿ ಡಾಲರಿಗೆ ಮಾರಾಟವಾದ ಪುಣೆ ವಾರಿಯರ್ಸ್, ಗಹುಂಜೆ ಸಿದ್ಧವಾಗದೆ ಮೊದಲ ಋತುವಿನ ತವರಿನ ಪಂದ್ಯಗಳನ್ನು ನವಿ ಮುಂಬಯಿಯಲ್ಲಿ ಆಡಿ, 2013ರಲ್ಲಿ ಶುಲ್ಕದ ತಕರಾರಿನಲ್ಲಿ ಮುಗಿದುಹೋಯಿತು. ರೈಸಿಂಗ್ ಪುಣೆ ಸೂಪರ್‌ಜೈಂಟ್ ಅಮಾನತಾಗಿದ್ದ ಚೆನ್ನೈ, ರಾಜಸ್ಥಾನ ತಂಡಗಳ ಜಾಗ ತುಂಬಲು 2016 ಮತ್ತು 2017ಕ್ಕೆ ಮಾತ್ರ ಬಂದ ಬದಲಿ ತಂಡ. ಒಂದು ರನ್ನಿನಿಂದ ಫೈನಲ್ ಸೋತದ್ದು ಅದನ್ನು ಉಳಿಸಲಿಲ್ಲ, ಗೆದ್ದಿದ್ದರೂ ಉಳಿಸುತ್ತಿರಲಿಲ್ಲ. ಕಾವೇರಿ ಪ್ರತಿಭಟನೆಯಿಂದಾಗಿ 2018ರಲ್ಲಿ ಚೆನ್ನೈ ತಂಡದ ಪಂದ್ಯಗಳು ಗಹುಂಜೆಗೆ ಬಂದಾಗ ಸೇರಿದ ಹಳದಿ ಅಂಗಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ಅವರಲ್ಲಿ ಚೆನ್ನೈಯಿಂದ ವಿಶೇಷ ರೈಲಿನಲ್ಲಿ ಬಂದವರೂ ಇದ್ದರು.

ಪುಣೇರಿ ಪಲ್ಟನ್ ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿಯನ್ನು ಗೆದ್ದದ್ದೂ ಇಲ್ಲಿ ಸಾಕ್ಷಿಯಾಗದು. ಆ ಲೀಗು ಊರೂರು ಸುತ್ತಿ ಆಡುವಂಥದ್ದು. ಪ್ರಾಯೋಜಕರ ಸಾಲನ್ನು ಬರೆಯುವಾಗ ಪುಣೆಯ ಐಟಿ ಬಡಾವಣೆಯಾದ ಹಿಂಜವಡಿಯ ಗಾಜಿನ ಕಟ್ಟಡಗಳನ್ನು ಎಣಿಸಬೇಡಿ, ಕೇಂದ್ರ ಕಚೇರಿಗಳನ್ನು ಎಣಿಸಿ. ಬಜಾಜ್ ಆಟೋ, ಭಾರತ್ ಫೋರ್ಜ್, ಪರ್ಸಿಸ್ಟೆಂಟ್ ಪುಣೆಯವು. ಇನ್ಫೋಸಿಸ್‌ನ ಸಾವಿರಾರು ನೌಕರರು ಇಲ್ಲಿದ್ದರೂ ಹಣದ ತೀರ್ಮಾನವಾಗುವುದು ಬೆಂಗಳೂರಿನಲ್ಲಿ.

ಫುಟ್‌ಬಾಲಿನ ಲೆಕ್ಕ ಹೆಚ್ಚು ಬಿಗಿಯಾದುದು. ಎಫ್‌ಸಿ ಪುಣೆ ಸಿಟಿ 2014ರಿಂದ 2019ರವರೆಗೆ ಐಎಸ್‌ಎಲ್ ಎಂಬ ಭಾರತದ ಫುಟ್‌ಬಾಲ್ ಲೀಗಿನಲ್ಲಿದ್ದು, ಆಮೇಲೆ ಆ ಸ್ಥಾನ ಹೈದರಾಬಾದಿಗೆ ಹೋಯಿತು. ಅದು ಆಡುತ್ತಿದ್ದ ಬಾಲೇವಾಡಿಯಲ್ಲಿ ಸುಮಾರು ಹನ್ನೆರಡು ಸಾವಿರ ಆಸನಗಳು. ತವರಿನಲ್ಲಿ ಹನ್ನೆರಡು ಪಂದ್ಯಗಳೆಂದುಕೊಂಡು ಪ್ರತಿಯೊಂದೂ ಭರ್ತಿಯಾದರೂ ಟಿಕೆಟ್ಟುಗಳು ಒಂದೂವರೆ ಲಕ್ಷ ಮುಟ್ಟುವುದಿಲ್ಲ. ಹೀಗಾಗಿ ಪುಣೆ ಏಳು ಪಂದ್ಯಗಳ ಕ್ರಿಕೆಟ್ ತಂಡವನ್ನು ಸಾಕಬಲ್ಲುದು, ಫುಟ್‌ಬಾಲ್ ತಂಡವನ್ನು ಈಗಿನ ಅಂಗಣದಲ್ಲಿ ಸಾಕಲಾರದು ಎಂಬುದು ನನ್ನ ತೀರ್ಮಾನ. ಯಾರಾದರೂ ಹೊಸ ತಂಡದ ಸುದ್ದಿ ತಂದರೆ ಅಂಗಣದ ಕರಾರು ಎಷ್ಟು ವರ್ಷದ್ದು, ಶುಲ್ಕದ ಕಂತುಗಳನ್ನು ಕಟ್ಟುವವರು ಯಾರು, ಮೂರು ವರ್ಷದ ಟಿಕೆಟ್ಟಿಗೆ ಮುಂಗಡ ಕೊಟ್ಟವರು ಎಷ್ಟು ಮಂದಿ ಎಂದು ಕೇಳಿ. ತಂಡದ ಹೆಸರು, ಅಂಗಿಯ ಬಣ್ಣಗಳ ಚರ್ಚೆ ಆಮೇಲೆ ನಡೆಯಲಿ.